ಕಾರು ಬಿಟ್ಟ ಮೇಲೆ ಬ್ರೆಡ್ ತರೋರು ಯಾರು?

ಇಂಗ್ಲೆಂಡಿನ ಎಷ್ಟೋ ಜನರಿಗೆ ನಿವೃತ್ತಿ ಅಂದ್ರೆ ಫ್ರಾನ್ಸಿನ ಹಳ್ಳಿ. ಕಲ್ಲಿನ ಗೋಡೆ, ನೀಲಿ ಬಣ್ಣದ ಮರದ ಕಿಟಕಿ, ಹಿತ್ತಲಲ್ಲಿ ವಾಲ್‌ನಟ್ ಮರ, ವಾರಕ್ಕೊಂದು ಸಂತೆ. ನಮ್ಮಲ್ಲಿ ಬೆಂಗಳೂರಲ್ಲಿ ದುಡಿದವರು 'ರಿಟೈರ್ ಆದ್ಮೇಲೆ ಊರಿಗೆ ಹೋಗಿ ತೋಟ ಮಾಡ್ಕೊಂಡು ಇರ್ತೀವಿ' ಅಂತಾರಲ್ಲ, ಹಾಗೇ ಇದೂ ಒಂದು ಹಳೇ ಆಸೆ. ವ್ಯತ್ಯಾಸ ಇಷ್ಟೇ, ಅವರು ಹೋಗೋ ಊರಿನ ದೇಶ ಬೇರೆ, ಭಾಷೆ ಬೇರೆ, ಕಾನೂನೂ ಬೇರೆ.

ನಾನು ಸಾಫ್ಟ್‌ವೇರ್ ಕೆಲಸಕ್ಕೆ ಅಂತ ದಕ್ಷಿಣ ಫ್ರಾನ್ಸಿನ ತುಲೂಜ್ ನಗರಕ್ಕೆ ಬಂದು ಐದು ವರ್ಷ ಆಯ್ತು. ನನ್ನ ಮೊದಲ ಪ್ರಾಜೆಕ್ಟಿನಲ್ಲಿ ಇಂಗ್ಲೆಂಡ್ ಕಡೆಯ ಟೀಮಿನ ಹಿರಿಯರೊಬ್ಬರು ನನಗೆ ಕೆಲಸ ಕಲಿಸಿದ್ದರು. ಈಗ ಅವರಿಗೆ 67, ಹೆಂಡತಿಗೆ 65. ನಿವೃತ್ತಿಯಾದ ಮೇಲೆ ಒಂದು ದಿನ ಫೋನ್ ಮಾಡಿ, 'ಫ್ರಾನ್ಸಿನ ಹಳ್ಳಿ ಕಡೆ ಮನೆ ನೋಡ್ತಿದ್ದೀವಿ. ನಿಮಗೆ ಫ್ರೆಂಚ್ ಬರುತ್ತೆ, ಒಂದೆರಡು ವಾರಾಂತ್ಯ ಜೊತೆಗೆ ಬರೋಕಾಗುತ್ತಾ?' ಅಂತ ಕೇಳಿದರು. ಖುಷಿಯಿಂದ ಒಪ್ಪಿಕೊಂಡೆ. 'ಆದ್ರೆ ಫೆಬ್ರವರಿಯಲ್ಲಿ ಬನ್ನಿ' ಅಂದೆ. ಜುಲೈ ತಿಂಗಳಲ್ಲಿ ಇಲ್ಲಿನ ಯಾವ ಹಳ್ಳಿಯೂ ಚೆಂದವೇ. ಸಂಜೆ ಬೇಗನೆ ಕತ್ತಲಾಗಿ, ಅರ್ಧ ಅಂಗಡಿ ಬಾಗಿಲು ಹಾಕಿದ್ದಾಗಲೂ ಊರು ಇಷ್ಟವಾದರೆ ಅದು ನಿಜವಾದ ಇಷ್ಟ.

ಇಂಜಿನಿಯರ್ ಬುದ್ಧಿ ಎಲ್ಲಿ ಬಿಡುತ್ತೆ! ಒಂದು ಎಕ್ಸೆಲ್ ಶೀಟ್ ಮಾಡಿದ್ವಿ. ಮನೆ ಬೆಲೆ, ಹವಾಮಾನ, ವಿಮಾನ ನಿಲ್ದಾಣ, ಆಸ್ಪತ್ರೆ, ರೈಲು, ಇಂಗ್ಲಿಷ್ ಮಾತಾಡೋ ಜನ, ಹೀಗೆ ಒಂದೊಂದಕ್ಕೂ ಒಂದೊಂದು ಕಾಲಂ, ಒಂದೊಂದಕ್ಕೂ ಅಂಕ. ಕೊನೆಗೆ ಮೂರು ಜಿಲ್ಲೆ ಉಳಿದವು: ಕ್ರೂಜ್, ಡೋರ್ಡೋನ್, ಲಾಟ್.

ಮೂರು ಜಿಲ್ಲೆ, ಮೂರು ಸ್ವಭಾವ

ಕ್ರೂಜ್ ದೇಶದ ನಡುಮಧ್ಯದಲ್ಲಿದೆ. ಹಸಿರು ಗುಡ್ಡ, ಗ್ರಾನೈಟ್ ಕಲ್ಲಿನ ಮನೆ, ಕಂದು ಬಣ್ಣದ ಲಿಮೂಜ಼್ಯಾಂ ದನಗಳು. ಇಡೀ ಫ್ರಾನ್ಸಿನಲ್ಲೇ ಮನೆ ಅಗ್ಗವಾಗಿ ಸಿಗೋ ಜಿಲ್ಲೆಗಳಲ್ಲಿ ಇದೂ ಒಂದು. ಬೆಂಗಳೂರಲ್ಲಿ ಒಂದು ಸಾಧಾರಣ ಫ್ಲ್ಯಾಟಿಗೆ ಕೊಡೋ ದುಡ್ಡಿಗೆ ಇಲ್ಲಿ ಕಲ್ಲಿನ ಮನೆ, ಕೊಟ್ಟಿಗೆ, ಹಿತ್ತಲು ಎಲ್ಲ ಬರುತ್ತೆ. ಅಗ್ಗ ಯಾಕೆ ಅಂದ್ರೆ ಜನ ಇಲ್ಲ. 19ನೇ ಶತಮಾನದಲ್ಲಿ ಇಲ್ಲಿನ ಗಾರೆ ಕೆಲಸದವರು ಪ್ರತಿ ವರ್ಷ ಪ್ಯಾರಿಸಿಗೆ ಹೋಗಿ ಅಲ್ಲಿನ ದೊಡ್ಡ ಕಟ್ಟಡಗಳನ್ನ ಕಟ್ಟಿ ಬರ್ತಿದ್ದರು. ಆಮೇಲೆ ಎಷ್ಟೋ ಜನ ವಾಪಸ್ ಬರಲೇ ಇಲ್ಲ. ಇವತ್ತು ಇಡೀ ಜಿಲ್ಲೆಯ ಜನಸಂಖ್ಯೆ ಸುಮಾರು 1.15 ಲಕ್ಷ, ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟು.

ಡೋರ್ಡೋನ್ ಗೊತ್ತಿಲ್ಲದ ಇಂಗ್ಲಿಷರಿಲ್ಲ. ನದಿ, ಕೋಟೆಗಳು, 1940ರಲ್ಲಿ ಬೆಳಕಿಗೆ ಬಂದ ಲಾಸ್ಕೋ ಗುಹೆಯ ಚಿತ್ರಗಳು ಎಲ್ಲ ಇಲ್ಲೇ. ಬೆರ್ಜೆರಾಕ್ ನಿಲ್ದಾಣದಿಂದ ಇಂಗ್ಲೆಂಡಿಗೆ ನೇರ ವಿಮಾನ ಇದೆ. ಸಂತೆಯಲ್ಲಿ ಚೀಸ್ ಮಾರುವವನೂ ಒಂದೆರಡು ಇಂಗ್ಲಿಷ್ ಮಾತು ಆಡ್ತಾನೆ. ದಶಕಗಳಿಂದ ಇಂಗ್ಲಿಷರು ಬಂದು ನೆಲೆಸಿದ್ದರಿಂದ ಬೆಲೆಯೂ ಕ್ರೂಜ್‌ಗಿಂತ ಬಹಳ ಜಾಸ್ತಿ. ಬೇಸಿಗೆಯಲ್ಲಿ ಪ್ರವಾಸಿಗಳ ಜಾತ್ರೆ, ಚಳಿಗಾಲದಲ್ಲಿ ಬೀಗ ಹಾಕಿದ ಮನೆಗಳು.

ಲಾಟ್ ಅದರ ಆಗ್ನೇಯಕ್ಕಿದೆ. ಸುಣ್ಣಕಲ್ಲಿನ ಒಣ ಪ್ರಸ್ಥಭೂಮಿ, ಕುರಿ, ಕುಬ್ಜ ಓಕ್ ಮರಗಳು, ಕಾಓರ್ ಪಟ್ಟಣದ ಕಡುಗೆಂಪು ವೈನ್. ಬೇಸಿಗೆ ಬಿಸಿಲು ಜೋರು. ಆದ್ರೆ ಪ್ಯಾರಿಸ್, ಲಿಮೋಜ್, ತುಲೂಜ್ ಸೇರಿಸೋ ರೈಲು ಹಳಿ ಈ ಜಿಲ್ಲೆಯ ಮಧ್ಯದಲ್ಲೇ ಹಾದುಹೋಗುತ್ತೆ.

ಶೀಟಿನ ಪ್ರಕಾರ ಡೋರ್ಡೋನ್ ಮೊದಲು, ಕ್ರೂಜ್ ಎರಡನೇದು. ಯಜಮಾನರ ಮನಸ್ಸು ಮಾತ್ರ ಕ್ರೂಜ್ ಮೇಲೇ. ಕಾಡಿನ ಅಂಚಲ್ಲಿ ಒಂಟಿ ಮನೆ, ಸುತ್ತ ಎರಡು ಎಕರೆ. ಅಲ್ಲಿ ನಿಂತು ಅವರು ನಕ್ಕ ರೀತಿ ನೋಡಿ ಇನ್ನು ಹುಡುಕೋದು ಮುಗೀತು ಅಂದ್ಕೊಂಡೆ.

ಕಾಗದ ಪತ್ರದ ಕಾಡು

ಮನೆ ಇಷ್ಟವಾದರೆ ಸಾಲದು. 2021ರ ಜನವರಿ 1ರಿಂದ ಬ್ರಿಟಿಷರು ಐರೋಪ್ಯ ಒಕ್ಕೂಟಕ್ಕೆ ಹೊರಗಿನವರು. ವೀಸಾ ಇಲ್ಲದೆ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಪೂರ್ತಿ ನೆಲೆಸಬೇಕು ಅಂದ್ರೆ ದೀರ್ಘಾವಧಿಯ 'ವಿಸಿಟರ್' ವೀಸಾ ಬೇಕು, ನಮ್ಮಂಥವರ ಹಾಗೇನೇ. ಆದಾಯ ಸಾಕಷ್ಟಿದೆ ಅಂತ ತೋರಿಸಬೇಕು, ಇಲ್ಲಿ ಕೆಲಸ ಮಾಡಲ್ಲ ಅಂತ ಬರೆದುಕೊಡಬೇಕು, ಆಮೇಲೆ ಪರವಾನಗಿ ನವೀಕರಿಸ್ತಾ ಹೋಗಬೇಕು. ಮನೆ ಕೊಂಡ ಮಾತ್ರಕ್ಕೆ ವಾಸದ ಹಕ್ಕು ಬರಲ್ಲ.

ಆರೋಗ್ಯದ ವಿಷಯದಲ್ಲಿ ಅವರಿಗೊಂದು ಅನುಕೂಲ ಇದೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪಡೆಯೋರು 'ಎಸ್1' ಅನ್ನೋ ಫಾರ್ಮ್ ತಂದು ಇಲ್ಲಿ ನೋಂದಾಯಿಸಿದರೆ ಚಿಕಿತ್ಸೆಯ ಖರ್ಚನ್ನ ಬ್ರಿಟನ್ ಭರಿಸುತ್ತೆ. ಡಾಕ್ಟರ ಫೀಸಿನ ಸುಮಾರು 70 ಪ್ರತಿಶತ ವಾಪಸ್ ಬರುತ್ತೆ, ಉಳಿದದ್ದಕ್ಕೆ ಪೂರಕ ವಿಮೆ ಮಾಡಿಸ್ತಾರೆ.

ಮನೆ ನೋಂದಣಿ 'ನೋತೇರ್' ಅನ್ನೋ ಅಧಿಕಾರಿಯ ಮುಂದೆ ಆಗುತ್ತೆ. ಹಳೇ ಮನೆಯಾದರೆ ತೆರಿಗೆ, ಶುಲ್ಕ ಎಲ್ಲ ಸೇರಿ ಬೆಲೆಯ ಮೇಲೆ 7-8 ಪ್ರತಿಶತ ಬೀಳುತ್ತೆ. ಕರಾರಿಗೆ ಸಹಿ ಹಾಕಿದ ಮೇಲೆ ಕೊಳ್ಳುವವರಿಗೆ 10 ದಿನ ಮನಸ್ಸು ಬದಲಾಯಿಸೋ ಅವಕಾಶ ಇದೆ. ಹಳ್ಳಿ ಮನೆಗಳಿಗೆ ಶೌಚದ ಗುಂಡಿಯ ತಪಾಸಣಾ ವರದಿ ಕಡ್ಡಾಯ. ನಿಯಮದ ಪ್ರಕಾರ ಇಲ್ಲದಿದ್ದರೆ ಕೊಂಡವರು ಒಂದು ವರ್ಷದೊಳಗೆ ಸರಿ ಮಾಡಿಸಬೇಕು, ಅದೇನು ಸಣ್ಣ ಖರ್ಚಲ್ಲ.

ಇನ್ನೊಂದು ಸೂಕ್ಷ್ಮ ವಿಷಯ ಆಸ್ತಿ ಹಂಚಿಕೆ. ಫ್ರೆಂಚ್ ಕಾನೂನಿನಲ್ಲಿ ಮಕ್ಕಳ ಪಾಲನ್ನ ತಂದೆತಾಯಿ ಸುಮ್ಮನೆ ತಪ್ಪಿಸೋ ಹಾಗಿಲ್ಲ. ಒಂದು ಮಗು ಇದ್ದರೆ ಆಸ್ತಿಯ ಅರ್ಧ, ಇಬ್ಬರಿದ್ದರೆ ಮೂರರಲ್ಲಿ ಎರಡು ಪಾಲು, ಮೂರು ಅಥವಾ ಹೆಚ್ಚು ಇದ್ದರೆ ನಾಲ್ಕರಲ್ಲಿ ಮೂರು ಪಾಲು ಅವರಿಗೇ ಮೀಸಲು. ಗಂಡ ಹೆಂಡತಿ ನಡುವೆ ವಾರಸು ತೆರಿಗೆ ಇಲ್ಲ. ಆದ್ರೆ ಇವರದ್ದು ಇಬ್ಬರಿಗೂ ಎರಡನೇ ಮದುವೆ. ಆಕೆಯ ಮೊದಲ ಮದುವೆಯ ಮಗಳಿಗೆ ಇವರು ಏನಾದ್ರೂ ಬಿಟ್ಟುಹೋದರೆ, ದತ್ತು ತಗೊಂಡಿಲ್ಲದ ಕಾರಣ ಅವಳು ಕಾನೂನಿಗೆ ಹೊರಗಿನವಳು, ತೆರಿಗೆ 60 ಪ್ರತಿಶತ. ನೋತೇರ್ ಇದನ್ನ ಹೇಳಿದಾಗ ಆಕೆ ಗಂಡನ ಮುಖ ನೋಡಿದರು. ನಾನು ಅನುವಾದ ಮುಗಿಸಿ ಸುಮ್ಮನಾದೆ.

'ಹೊಸ ರೋಗಿಗಳನ್ನ ತಗೊಳ್ತೀರಾ?'

ಊರು ಆರಿಸೋಕೆ ಮುಂಚೆ ಅಲ್ಲಿನ ಡಾಕ್ಟರಿಗೆ ಫೋನ್ ಮಾಡಿ ಅಂತ ಇಲ್ಲಿ ತಿಳಿದವರು ಹೇಳ್ತಾರೆ. ಫ್ರಾನ್ಸಿನಲ್ಲಿ ಪ್ರತಿಯೊಬ್ಬರೂ ಒಬ್ಬ ಕುಟುಂಬ ವೈದ್ಯರನ್ನ ಹೆಸರಿಸಬೇಕು, ಇಲ್ಲದಿದ್ದರೆ ವಾಪಸ್ ಬರೋ ಹಣ ಕಡಿಮೆಯಾಗುತ್ತೆ. ಹಳ್ಳಿಗಳ ಹಳೇ ಡಾಕ್ಟರುಗಳು ನಿವೃತ್ತರಾಗ್ತಿದ್ದಾರೆ, ಹೊಸಬರು ಬರ್ತಿಲ್ಲ. ಇಂಥ ಪ್ರದೇಶಗಳನ್ನ ಇಲ್ಲಿನವರು 'ವೈದ್ಯಕೀಯ ಮರುಭೂಮಿ' ಅಂತಲೇ ಕರೀತಾರೆ.

ಆ ಒಂಟಿ ಮನೆಯ ಸುತ್ತಮುತ್ತಲಿನ ನಾಲ್ಕು ಕ್ಲಿನಿಕ್ಕಿಗೆ ಹೋಟೆಲಿನ ಕೋಣೆಯಿಂದ ಫೋನ್ ಮಾಡಿದೆ. 'ಹೊಸ ರೋಗಿಗಳನ್ನ ತಗೊಳ್ತೀರಾ?' ನಾಲ್ಕೂ ಕಡೆ ಮರ್ಯಾದೆಯಿಂದಲೇ ಇಲ್ಲ ಅಂದರು. ಯಜಮಾನರು, 'ಪರವಾಗಿಲ್ಲ, ದೊಡ್ಡ ಊರಿಗೆ ಕಾರಲ್ಲಿ ನಲವತ್ತು ನಿಮಿಷ ಅಷ್ಟೇ' ಅಂದರು.

ಅಲ್ಲಿವರೆಗೂ ಹೆಚ್ಚು ಮಾತಾಡದ ಆಕೆ ನನ್ನ ಲ್ಯಾಪ್‌ಟಾಪ್ ಕಡೆ ಕೈ ತೋರಿಸಿ, 'ಅದಕ್ಕೆ ಇನ್ನೊಂದು ಕಾಲಂ ಸೇರಿಸ್ತೀರಾ?' ಅಂತ ಕೇಳಿದರು. 'ಇವರು ಕಾರು ಓಡಿಸೋಕಾಗದ ದಿನ ನನಗೆ ಬ್ರೆಡ್ ಹೇಗೆ ಸಿಗುತ್ತೆ ಅಂತ.'

ಆಕೆಗೆ ಗ್ಲಾಕೋಮಾ ಇದೆ. ಕತ್ತಲಾದ ಮೇಲೆ ಕಾರು ಓಡಿಸಲ್ಲ, ಇನ್ನು ಕೆಲವು ವರ್ಷಕ್ಕೆ ಹಗಲಲ್ಲೂ ಆಗಲಿಕ್ಕಿಲ್ಲ. ಗಂಡನಿಗೆ ಒಮ್ಮೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. 'ಮೊದಲು ಹೋಗೋರು ಇವರೇ ಇರಬಹುದು. ಆಗ ನಾನು ಈ ಕಾಡಲ್ಲಿ ಯಾರ ಹತ್ರ, ಯಾವ ಭಾಷೆಯಲ್ಲಿ ಮಾತಾಡಲಿ?' ದನಿಯಲ್ಲಿ ಸಿಟ್ಟಿರಲಿಲ್ಲ. ಯಜಮಾನರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ಇಷ್ಟು ದಿನ ಯಾಕೆ ಹೇಳಲಿಲ್ಲ?' ಅಂದರು. 'ನೀವು ಅಷ್ಟು ಖುಷಿಯಾಗಿದ್ರಿ' ಅಂದರು ಆಕೆ.

ಹೊಸ ಕಾಲಂ ಸೇರಿತು. ನಡೆದು ಹೋಗೋ ದೂರದಲ್ಲಿ ಬೇಕರಿ, ಔಷಧಿ ಅಂಗಡಿ, ಸಂತೆ, ರೈಲು. ಅದಕ್ಕೆ ಅತಿ ಹೆಚ್ಚು ಅಂಕ ಕೊಟ್ಟ ಮೇಲೆ ಪಟ್ಟಿ ತಲೆಕೆಳಗಾಯ್ತು. ಲಾಟ್ ಮೇಲೆ ಬಂತು. ಅದರಲ್ಲೂ ಒಂಟಿ ಮನೆಗಳೆಲ್ಲ ಬಿದ್ದುಹೋಗಿ ಪಟ್ಟಣದ ಮನೆಗಳು ಮಾತ್ರ ಉಳಿದವು. ಎರಡನೇ ವಾರಾಂತ್ಯ ಗೂರ್ದೋಂ ಅನ್ನೋ ಸಣ್ಣ ಊರಿಗೆ ಹೋದ್ವಿ. ಗುಡ್ಡದ ಮೇಲೆ ಹಳೇ ಪೇಟೆ, ಕೆಳಗೆ ತುಲೂಜ್ ಕಡೆಗೂ ಪ್ಯಾರಿಸ್ ಕಡೆಗೂ ರೈಲು. ಇಲ್ಲಿ ಮೂರನೇ ಫೋನಿಗೆ ಒಂದು ಆರೋಗ್ಯ ಕೇಂದ್ರದಲ್ಲಿ ಹೂಂ ಅಂದರು. ಆಕೆ ಬೇಕರಿಗೆ ಒಬ್ಬರೇ ಹೋಗಿ, ಕಲಿತಿದ್ದ ನಾಲ್ಕು ಫ್ರೆಂಚ್ ಮಾತಾಡಿ, ಬ್ರೆಡ್ ಹಿಡ್ಕೊಂಡು ಬಂದರು.

ಅಲ್ಲೂ ಮನೆ ಕೊಳ್ಳಲಿಲ್ಲ. ಒಂದು ವರ್ಷ ಬಾಡಿಗೆಗೆ ಇದ್ದು ನೋಡೋದು ಅಂತ ತೀರ್ಮಾನ ಆಯ್ತು. ಯಜಮಾನರಿಗೆ ಎರಡು ಎಕರೆಯ ಬದಲು ಪುರಸಭೆಯ ಕೈತೋಟದಲ್ಲಿ ಒಂದು ಮಡಿ ಸಿಗಬಹುದಾ ಅಂತ ವಿಚಾರಿಸಿದ್ದೀವಿ. ಅವರಿಗೆ ಬೇಜಾರು ಆಗಿದೆ, ಅದನ್ನ ಮುಚ್ಚಿಡಲೂ ಇಲ್ಲ.

ನಮ್ಮ ಮನೆಯಲ್ಲೂ ಅದೇ ಕಾಲಂ

ತುಲೂಜ್‌ಗೆ ವಾಪಸ್ ಬಂದ ರಾತ್ರಿ ನನ್ನ ತಲೆಯಲ್ಲಿ ಇದ್ದದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ. ಸುತ್ತ ಅಡಿಕೆ ತೋಟ, ರಸ್ತೆಗೆ ಬರೋಕೇ ಒಂದೂವರೆ ಕಿಲೋಮೀಟರ್. ಅಪ್ಪಂಗೆ 66. ಸ್ಕೂಟರ್, ಜೀಪು ಎರಡೂ ಓಡಿಸೋದು ಅವರೊಬ್ಬರೇ. ನಾನೂ ಅಣ್ಣನೂ ಊರಲ್ಲಿಲ್ಲ. ಅಮ್ಮಂಗೆ ಫೋನ್ ಮಾಡಿ ಎಲ್ಲ ಹೇಳಿ, 'ನಿಂಗೆ ಹೀಗೆಲ್ಲ ಅನ್ಸುತ್ತಾ?' ಅಂತ ಕೇಳಿದೆ.

'ಅನ್ಸದೆ ಏನು ಪುಟ್ಟಿ? ಮಳೆಗಾಲದಲ್ಲಿ ಅಪ್ಪ ಶಿವಮೊಗ್ಗಕ್ಕೆ ಹೋದ್ರೆ ಅವರು ಬರೋವರೆಗೂ ದಾರಿ ನೋಡ್ತಾ ಕೂತಿರ್ತೀನಿ. ಯಾರು ಕೇಳಿದ್ರು, ಹೇಳೋಕೆ?' ಅಂದ್ರು. ಪೇಟೆಗೆ ಬಂದಿರು ಅನ್ನೋ ಮಾತು ನಾನು ಎತ್ತಲಿಲ್ಲ. ತೋಟ ಬಿಟ್ಟು ಅಪ್ಪ ಬದುಕಲ್ಲ ಅಂತ ಇಬ್ಬರಿಗೂ ಗೊತ್ತು. ಸದ್ಯಕ್ಕೆ ಆಗಿರೋದು ಇಷ್ಟು: ವಾರಕ್ಕೆರಡು ದಿನ ಬರೋಕೆ ಊರಿನ ಒಬ್ಬ ಆಟೋದವರನ್ನ ಗೊತ್ತು ಮಾಡಿದ್ದೀವಿ. ಅಮ್ಮ ಮೊನ್ನೆ ಮೊದಲ ಸಲ ಅಪ್ಪನ್ನ ಕಾಯದೆ ಪೇಟೆಗೆ ಹೋಗಿ ಬಂದರು.

ಊರು ಆರಿಸೋರಿಗೆ, ಫ್ರಾನ್ಸಾಗಲಿ ಮಲೆನಾಡಾಗಲಿ

* ಊರನ್ನ ಅದರ ಕೆಟ್ಟ ಕಾಲದಲ್ಲಿ ನೋಡಿ. ಅಲ್ಲಿಗೆ ಫೆಬ್ರವರಿ, ಇಲ್ಲಿಗೆ ಜುಲೈ.
* ಡಾಕ್ಟರು ಇದ್ದಾರಾ ಅಂತಷ್ಟೇ ಅಲ್ಲ, ನಿಮ್ಮನ್ನ ನೋಡ್ತಾರಾ ಅಂತ ಕೇಳಿ.
* ಕಾರು, ಸ್ಕೂಟರ್ ಇಲ್ಲದೆ ಒಂದು ವಾರ ಅಲ್ಲಿ ಇದ್ದು ನೋಡಿ.
* ಕೊಳ್ಳೋ ಮೊದಲು ಒಂದು ವರ್ಷ ಬಾಡಿಗೆಗೆ ಇರಿ.
* ಆಸ್ತಿ ಯಾರಿಗೆ, ತೆರಿಗೆ ಎಷ್ಟು ಅಂತ ಸಹಿಗೆ ಮುಂಚೆಯೇ ಕೇಳಿ ತಿಳ್ಕೊಳ್ಳಿ.
* ಮನೆಯಲ್ಲಿ ಕಡಿಮೆ ಮಾತಾಡೋರು ಯಾರೋ, ಅವರನ್ನ ಮೊದಲು ಕೇಳಿ.