ವಿದ್ಯೆಗೆ ಮೊದಲು ವಸತಿ: ಹೈದರಾಬಾದಿನ ವಿದ್ಯಾರ್ಥಿನಿಲಯಗಳು

ಪರಸ್ಥಳದಲ್ಲಿ ವಿದ್ಯಾರ್ಜನೆ ಮಾಡಬೇಕಾದವನಿಗೆ ಗುರುವಿನಷ್ಟೇ ಅವಶ್ಯವಾದವು ಅನ್ನ, ಸೂರು ಮತ್ತು ರಾತ್ರಿ ಓದಲೊಂದು ದೀಪ. ಗುರುಕುಲದಲ್ಲಿ ಇವೆಲ್ಲ ಗುರುಗೃಹದಲ್ಲಿಯೇ ದೊರೆಯುತ್ತಿದ್ದವು. ಶಾಲೆ ಬೇರೆ, ಮನೆ ಬೇರೆ ಆದ ಮೇಲೆ ಕನ್ನಡನಾಡಿನ ಎಷ್ಟೋ ಬಡ ವಿದ್ಯಾರ್ಥಿಗಳು ವಾರಾನ್ನವನ್ನು ನಂಬಿದರು. ವಾರದ ಏಳು ದಿನಗಳಿಗೆ ಏಳು ಮನೆಗಳು. ಒಂದು ಮನೆಯ ಬಾಗಿಲು ಮುಚ್ಚಿದರೆ ಅಂದು ಉಪವಾಸ. ವಾರಾನ್ನವು ಸಾಮಾನ್ಯವಾಗಿ ಜಾತಿಯ ಹೊಸ್ತಿಲನ್ನು ದಾಟುತ್ತಿರಲಿಲ್ಲವಾದುದರಿಂದ, ಯಾರ ಜಾತಿಯ ಅನುಕೂಲಸ್ಥ ಮನೆಗಳು ಆ ಊರಿನಲ್ಲಿ ಇರಲಿಲ್ಲವೋ ಅವರಿಗೆ ಆ ಆಶ್ರಯವೂ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠಗಳಂಥ ಸಂಸ್ಥೆಗಳೂ ಬೇರೆ ಬೇರೆ ಸಮಾಜಗಳ ಸಂಘಗಳೂ ವಿದ್ಯಾರ್ಥಿಗಳ ಊಟ ವಸತಿಗಳ ಹೊಣೆಯನ್ನು ಹೊತ್ತುದರ ಮಹತ್ವ ಇಲ್ಲಿದೆ. ದಿನದಿನವೂ ಯಾಚಿಸಬೇಕಾಗಿದ್ದ ಅನ್ನ ಅಲ್ಲಿ ನಿಶ್ಚಿತವಾಯಿತು.

ನಿಜಾಮರ ಸಂಸ್ಥಾನದಲ್ಲಿ ಈ ಪ್ರಶ್ನೆಗೆ ಮತ್ತೊಂದು ಮುಖವಿದ್ದಿತು. ಗುಲ್ಬರ್ಗ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಿಗರು ಆ ಸಂಸ್ಥಾನದ ಪ್ರಜೆಗಳಾಗಿದ್ದರು. 1931ರ ಜನಗಣತಿಯಂತೆ ಅಲ್ಲಿ ಕನ್ನಡ ಮಾತನಾಡುವವರ ಸಂಖ್ಯೆ ಸುಮಾರು 16 ಲಕ್ಷ, ಎಂದರೆ ಒಟ್ಟು ಪ್ರಜೆಗಳಲ್ಲಿ ನೂರಕ್ಕೆ ಸುಮಾರು 11 ಮಂದಿ. ಸಂಸ್ಥಾನದಲ್ಲಿಯೇ ಪದವಿಯವರೆಗೆ ಓದಬಯಸಿದ ಈ ಜಿಲ್ಲೆಗಳ ತರುಣನು ರಾಜಧಾನಿಗೆ ಹೋಗಬೇಕಾಗಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಆರಂಭವಾದ ರೈಲುಮಾರ್ಗವೇ ಗುಲ್ಬರ್ಗ ರಾಯಚೂರುಗಳ ಕಡೆಯವರಿಗೆ ದಾರಿ. ಊರಿನಿಂದ ದಿನಾಲೂ ಬಂದುಹೋಗುವ ಮಾತಂತೂ ಇರಲಿಲ್ಲ.

1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಭಾರತೀಯ ಭಾಷೆಯೊಂದನ್ನು ಉಚ್ಚಶಿಕ್ಷಣದ ಮಾಧ್ಯಮವನ್ನಾಗಿ ಮಾಡಿಕೊಂಡ ಸಾಹಸಕ್ಕಾಗಿ ಪ್ರಸಿದ್ಧವಾಗಿದೆ. ಆ ಭಾಷೆ ಉರ್ದು. ಶಾಸ್ತ್ರಗ್ರಂಥಗಳನ್ನು ಉರ್ದುವಿಗೆ ತರಲು ಅನುವಾದ ಮಂದಿರವೊಂದನ್ನು ಅದಕ್ಕೂ ಮೊದಲೇ ತೆರೆಯಲಾಗಿತ್ತು. ಆದರೆ ಕನ್ನಡ ವಿದ್ಯಾರ್ಥಿಯ ಪಾಲಿಗೆ ಉರ್ದುವೂ ಕಲಿತ ಭಾಷೆಯೇ. ಮನೆಯಲ್ಲಿ ಕನ್ನಡ, ಉಪನ್ಯಾಸದಲ್ಲಿ ಉರ್ದು, ಕಡ್ಡಾಯವಾದ ಪಠ್ಯವಿಷಯವಾಗಿ ಇಂಗ್ಲಿಷು: ಹೀಗೆ ಮೂರು ಭಾಷೆಗಳ ನಡುವೆ ಅವನ ಓದು ಸಾಗಬೇಕಾಗಿತ್ತು. ಉಸ್ಮಾನಿಯಾದಲ್ಲಿ ಓದಿದ ಸಿದ್ಧಯ್ಯ ಪುರಾಣಿಕರು (1918–1994) ಉರ್ದುವನ್ನು ಚೆನ್ನಾಗಿ ಬಲ್ಲವರಾಗಿಯೂ ‘ಕಾವ್ಯಾನಂದ’ರೆಂದು ಕನ್ನಡದ ಕವಿಗಳಾದುದು ಈ ಸನ್ನಿವೇಶದ ಒಂದು ಫಲ. ಡಿ. ಕೆ. ಭೀಮಸೇನರಾಯರಂಥ ವಿದ್ವಾಂಸರು ಆ ವಿಶ್ವವಿದ್ಯಾಲಯದಲ್ಲಿ ಕನ್ನಡದ ಪಾಠವನ್ನೂ ನಡೆಸಿದರು.

ಭಾಷೆಯೊಂದರ ಬಾಳಿಗೆ ಪಾಠವೊಂದೇ ಸಾಲದು; ಅದಕ್ಕೆ ಸಂಜೆಯ ಹೊತ್ತೂ ಬೇಕು. ತರಗತಿಯ ಭಾಷೆಯನ್ನು ವಿಶ್ವವಿದ್ಯಾಲಯ ಗೊತ್ತುಮಾಡುತ್ತದೆ. ಕೋಣೆಯ ಭಾಷೆಯನ್ನು ಅಲ್ಲಿರುವವರು ಗೊತ್ತುಮಾಡಿಕೊಳ್ಳುತ್ತಾರೆ. ಇದಕ್ಕೆ ಹೈದರಾಬಾದಿನಲ್ಲಿಯೇ ಉತ್ತಮ ನಿದರ್ಶನವೆಂದರೆ 1918ರಲ್ಲಿ ರಾಜಾಬಹದ್ದೂರ್ ವೆಂಕಟರಾಮರೆಡ್ಡಿಯವರ ಪ್ರಯತ್ನದಿಂದ ಆರಂಭವಾದ ರೆಡ್ಡಿ ಹಾಸ್ಟೆಲು. ಒಂದು ಸಮಾಜದ ಹುಡುಗರ ಊಟ ವಸತಿಗಾಗಿ ಹುಟ್ಟಿದ ಆ ನಿಲಯವು ತನ್ನ ಗ್ರಂಥಾಲಯದಿಂದಾಗಿ ತೆಲುಗು ಭಾಷೆಯ ಪುನರುಜ್ಜೀವನಕ್ಕೆ ಒಂದು ನೆಲೆಯಾಯಿತು. ಅದರ ಆಡಳಿತವನ್ನು ನೋಡಿಕೊಂಡ ಸುರವರಂ ಪ್ರತಾಪರೆಡ್ಡಿಯವರೇ 1926ರಲ್ಲಿ ‘ಗೋಲ್ಕೊಂಡ ಪತ್ರಿಕೆ’ಯನ್ನು ಹೊರಡಿಸಿದರು. ಅನ್ನಕ್ಕಾಗಿ ಕಟ್ಟಿದ ಮನೆ ಅಕ್ಷರಕ್ಕೂ ಆಶ್ರಯ ಕೊಟ್ಟಿತು.

ವಸತಿಯ ಬೆಲೆ ಅದು ಕೈತಪ್ಪಿದಾಗಲೇ ಸ್ಪಷ್ಟವಾಗುವುದು. ವಿಶ್ವವಿದ್ಯಾಲಯವು 1934ರ ಸುಮಾರಿಗೆ ಅಡಿಕ್‌ಮೆಟ್ಟಿನ ವಿಶಾಲವಾದ ಆವರಣಕ್ಕೆ ಬಂದಿತು. ಅಲ್ಲಿಯ ಜೀವನದಲ್ಲಿ ವಿದ್ಯಾರ್ಥಿನಿಲಯಗಳಿಗೆ ಮುಖ್ಯ ಸ್ಥಾನವಿದ್ದಿತು. 1938ರ ಕೊನೆಯಲ್ಲಿ, ಸ್ಟೇಟ್ ಕಾಂಗ್ರೆಸ್ಸಿನ ಮೇಲೆ ನಿಷೇಧವಿದ್ದು ಸತ್ಯಾಗ್ರಹ ನಡೆಯುತ್ತಿದ್ದ ದಿನಗಳಲ್ಲಿ, ಹಿಂದೂ ವಿದ್ಯಾರ್ಥಿಗಳು ನಿಲಯದ ಪ್ರಾರ್ಥನಾಮಂದಿರದಲ್ಲಿ ‘ವಂದೇ ಮಾತರಂ’ ಹಾಡುವುದನ್ನು ಅಧಿಕಾರಿಗಳು ನಿಷೇಧಿಸಿದರು. ಆ ಗೀತೆ ಪ್ರಾರ್ಥನೆಯಲ್ಲ, ರಾಜಕೀಯವಾದುದು, ವಿವಾದಾಸ್ಪದವಾದುದು ಎಂಬುದು ಅಧಿಕಾರಿಗಳ ನಿಲುವು. ತಮ್ಮ ಪ್ರಾರ್ಥನೆಯಲ್ಲಿ ಏನನ್ನು ಹಾಡಬೇಕೆಂಬುದು ತಮ್ಮ ಹಕ್ಕೆಂಬುದು ವಿದ್ಯಾರ್ಥಿಗಳ ನಿಲುವು. ಮುಷ್ಕರ ಹೂಡಿದ ನೂರಾರು ವಿದ್ಯಾರ್ಥಿಗಳು ಹೊರಹಾಕಲ್ಪಟ್ಟರು. ಚಳವಳಿ ಜಿಲ್ಲೆಗಳ ಕಾಲೇಜುಗಳಿಗೂ ಹಬ್ಬಿತು.

ನಗರದಲ್ಲಿ ಮನೆಯಿದ್ದವನು ಆ ರಾತ್ರಿ ಮನೆಗೆ ಹೋಗಬಹುದಾಗಿತ್ತು. ದೂರದ ಹಳ್ಳಿಯಿಂದ ಬಂದವನು ಮಾತ್ರ ಒಂದೇ ಆಜ್ಞೆಯಿಂದ ಪಾಠ, ಊಟ, ಹಾಸಿಗೆ ಮೂರನ್ನೂ ಕಳೆದುಕೊಂಡನು. ಆಗ ಉಪಕುಲಪತಿ ಟಿ. ಜೆ. ಕೇದಾರರ ಆಡಳಿತದಲ್ಲಿದ್ದ ನಾಗಪುರ ವಿಶ್ವವಿದ್ಯಾಲಯವು ಅವರಲ್ಲಿ ಅನೇಕರಿಗೆ ಪ್ರವೇಶವಿತ್ತಿತು. ಮುಂದೆ ಭಾರತದ ಪ್ರಧಾನಿಗಳಾದ ಪಿ. ವಿ. ನರಸಿಂಹರಾಯರು ಹಾಗೆ ನಾಗಪುರಕ್ಕೆ ಹೋದವರಲ್ಲೊಬ್ಬರು. ಇನ್ನೊಂದು ಊರು ಬಾಗಿಲು ತೆರೆಯದಿದ್ದರೆ ಅವರೆಲ್ಲರ ವಿದ್ಯಾಭ್ಯಾಸ ಅಲ್ಲಿಗೇ ನಿಂತುಹೋಗುವ ಸಂಭವವಿದ್ದಿತು.

ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಆ ಪ್ರದೇಶದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಧೀನಕ್ಕೆ ಬಂದುವು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯವೇ ಸ್ಥಾಪಿತವಾಯಿತು. ಅಂದಿನಿಂದ ಹೈದರಾಬಾದು ಕನ್ನಡ ವಿದ್ಯಾರ್ಥಿಗೆ ಅನಿವಾರ್ಯವಾದ ರಾಜಧಾನಿಯಾಗಿ ಉಳಿಯದೆ, ಇಷ್ಟಪಟ್ಟು ಆರಿಸಿಕೊಳ್ಳುವ ವಿದ್ಯಾಕೇಂದ್ರಗಳಲ್ಲಿ ಒಂದಾಯಿತು.

ಆದರೆ ಹಳೆಯ ಪ್ರಶ್ನೆ ಹಳತಾಗಲಿಲ್ಲ. 1974ರಲ್ಲಿ ಸ್ಥಾಪಿತವಾದ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ 2015ರ ಕೊನೆಗೆ ಐವರು ದಲಿತ ಸಂಶೋಧನ ವಿದ್ಯಾರ್ಥಿಗಳನ್ನು ವಿದ್ಯಾರ್ಥಿನಿಲಯದಿಂದ ಹೊರಗಿಡಲಾಯಿತು. ಅವರ ಅಧ್ಯಯನಕ್ಕೆ ಅಡ್ಡಿಯಿರಲಿಲ್ಲ. ಮುಚ್ಚಿದುದು ಕೋಣೆಯ ಬಾಗಿಲು. ಅವರು ಆವರಣದಲ್ಲಿಯೇ ಬಯಲಿನಲ್ಲಿ ಬಿಡಾರ ಹೂಡಿ, ಅದಕ್ಕೆ ಊರ ಹೊರಗಿನ ಕೇರಿಯೆಂಬ ಅರ್ಥದ ‘ವೆಲಿವಾಡ’ ಎಂಬ ಹೆಸರಿಟ್ಟರು. ಅವರಲ್ಲೊಬ್ಬನಾದ ರೋಹಿತ್ ವೇಮುಲನು 2016ರ ಜನವರಿ 17ರಂದು ಪ್ರಾಣ ಕಳೆದುಕೊಂಡನು. 1938ರ ಮತ್ತು 2016ರ ಸಂಗತಿಗಳ ಕಾರಣಗಳು ಬೇರೆ, ಪಕ್ಷಗಳು ಬೇರೆ. ಅವೆರಡನ್ನೂ ಒಂದೆನ್ನುವುದು ಇತಿಹಾಸಕ್ಕೆ ನ್ಯಾಯವಲ್ಲ. ಶಿಕ್ಷೆಯ ಭಾರವು ಬೇರೆ ಮನೆಯಿಲ್ಲದವನ ಮೇಲೆಯೇ ಹೆಚ್ಚಾಗಿ ಬೀಳುವುದೆಂಬ ಒಂದು ಅಂಶ ಮಾತ್ರ ಎರಡಕ್ಕೂ ಸಮಾನ.

ಇದರಿಂದ ಫಲಿತವಾಗುವುದಿಷ್ಟು. ವಿದ್ಯಾರ್ಥಿನಿಲಯಕ್ಕೆ ಶಿಸ್ತು ಅವಶ್ಯ. ನೂರಾರು ಜನ ಒಂದೇ ಸೂರಿನಡಿ ಉಣ್ಣುವ, ಓದುವ, ಮಲಗುವ ಕಡೆ ನಿಯಮಗಳಿಲ್ಲದೆ ನಡೆಯದು. ಆದರೆ ವಸತಿಯನ್ನು ಕಿತ್ತುಕೊಳ್ಳುವುದನ್ನು ದಂಡಗಳಲ್ಲಿ ಹಗುರವಾದುದೆಂದು ಎಣಿಸಕೂಡದು. ಪಾಠಕ್ಕೆ ಅನುಮತಿಯಿತ್ತು ಕೋಣೆಗೆ ಬೀಗ ಹಾಕಿದರೆ, ಬಡವನ ಪಾಲಿಗೆ ಆ ಅನುಮತಿ ಬರಿಯ ಕಾಗದದ ಮಾತು. ಹೊರನಾಡಿನಲ್ಲಿ ನೆಲಸಿದ ಕನ್ನಡಿಗರ ಸಂಘಗಳಿಗೂ ಇದರಲ್ಲಿ ವಿಚಾರಿಸತಕ್ಕ ಅಂಶವುಂಟು. ಉತ್ಸವಕ್ಕೊಂದು ಸಭಾಭವನ, ಅಧ್ಯಯನಕ್ಕೊಂದು ಗ್ರಂಥಾಲಯ, ಎರಡೂ ಬೇಕಾದುವೇ. ಆದರೆ ಹೊಸದಾಗಿ ಊರಿಗೆ ಬಂದ ಹುಡುಗನಿಗೂ ಹುಡುಗಿಗೂ ಮೊದಲ ತಿಂಗಳ ಮಟ್ಟಿಗಾದರೂ ಒಂದು ಚಾಪೆ, ಎರಡು ಹೊತ್ತಿನ ಊಟ, ತನ್ನ ಮಾತು ಕೇಳಿಬರುವ ಒಂದು ಕೋಣೆ ದೊರೆತರೆ, ಆ ಸಂಘವು ಭಾಷೆಗೆ ಸಲ್ಲಿಸುವ ಸೇವೆ ಸಣ್ಣದೇನೂ ಅಲ್ಲ.