ಕಣ್ಣಿನ ಕೆಳಗಣ ಕಪ್ಪು, ಜೋಲುವ ರೆಪ್ಪೆ

ಕಣ್ಣಿನ ಕೆಳಗಣ ಕಪ್ಪನ್ನು ನಾವು ನಿದ್ದೆಗೇಡಿನ ಗುರುತೆಂದೇ ಬಗೆಯುತ್ತೇವೆ. ಆದರೆ ನಮ್ಮ ಮೈಬಣ್ಣದವರಲ್ಲಿ ಚರ್ಮದ ವರ್ಣದ್ರವ್ಯವೂ ಅದಕ್ಕೆ ಮುಖ್ಯ ಕಾರಣ. ಹಲವು ಮನೆತನಗಳಲ್ಲಿ ಅದು ಅನುವಂಶಿಕವಾಗಿ ಬರುತ್ತದೆ. ಸ್ಯಾನ್ ಹೊಸೆಯ ವಸಂತದಲ್ಲಿ ಓಕ್ ಮರದ, ಹುಲ್ಲಿನ ಪರಾಗದಿಂದ ಕಣ್ಣು ತುರಿಸುತ್ತದೆ. ಉಜ್ಜಿದಷ್ಟೂ ಕಪ್ಪು ಗಾಢವಾಗುತ್ತದೆ. ಆದ್ದರಿಂದ ಮೊದಲು ಅಲರ್ಜಿಗೆ ಚಿಕಿತ್ಸೆ, ಬಿಸಿಲಿಗೆ ಸನ್‌ಸ್ಕ್ರೀನ್. ಬಣ್ಣ ತಿಳಿಗೊಳಿಸುವ ಹೈಡ್ರೋಕ್ವಿನೋನನ್ನು ಅಮೆರಿಕದಲ್ಲಿ 2020ರಿಂದ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಊರಿನಿಂದ ತರಿಸಿದ ಸ್ಟಿರಾಯ್ಡ್ ಬೆರೆತ ಮುಲಾಮು ತೆಳುವಾದ ಚರ್ಮವನ್ನು ಇನ್ನಷ್ಟು ತೆಳುಗೊಳಿಸುತ್ತದೆ, ಕಣ್ಣಿನೊತ್ತಡವನ್ನೂ ಏರಿಸಬಲ್ಲದು.

ರೆಪ್ಪೆ ಜೋಲುವುದು ಬೇರೆಯೇ ವಿಚಾರ. ರೆಪ್ಪೆಯನ್ನೆತ್ತುವ ಸ್ನಾಯುವಿನ ಹಿಡಿತ ವಯಸ್ಸಿನೊಡನೆ ಸಡಿಲವಾಗುತ್ತದೆ. 2020ರಲ್ಲಿ ಎಫ್.ಡಿ.ಎ. ಒಪ್ಪಿದ ಆಕ್ಸಿಮೆಟಜೊಲಿನ್ ಹನಿ ಕೆಲವು ಗಂಟೆಗಳ ಕಾಲ ರೆಪ್ಪೆಯನ್ನೆತ್ತುತ್ತದೆ. ಬಹುಕಾಲದ ಪರಿಹಾರವೆಂದರೆ ಶಸ್ತ್ರಚಿಕಿತ್ಸೆ. ಬೆಳಗ್ಗೆ ಸರಿಯಿದ್ದು ಸಂಜೆ ಜೋತರೆ ಮಯಸ್ತೇನಿಯಾ ಎಂಬ ಸ್ನಾಯುದೌರ್ಬಲ್ಯವನ್ನು ಶಂಕಿಸಬೇಕು. ಎಳೆಯ ಮಗುವಿನ ಪಾಪೆಯನ್ನು ರೆಪ್ಪೆ ಮುಚ್ಚಿದರೆ ಆ ಕಣ್ಣಿನ ದೃಷ್ಟಿಯೇ ಸರಿಯಾಗಿ ಬೆಳೆಯದು; ತಡಮಾಡಬಾರದು.

ರೆಪ್ಪೆ ಥಟ್ಟನೆ ಜೋತು, ತಲೆನೋವು ಕಾಣಿಸಿದರೆ, ವಸ್ತುಗಳು ಎರಡಾಗಿ ತೋರಿದರೆ, ಪಾಪೆಗಳು ಅಸಮವಾದರೆ, ಅದು ಮಿದುಳಿನ ರಕ್ತನಾಳದ ತೊಂದರೆಯಿರಬಹುದು. ಊರಿನಿಂದ ಬಂದ ಹಿರಿಯರಲ್ಲಿ ಇದನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕದೆ, ವಿಮೆಯ ಲೆಕ್ಕವನ್ನು ಆಮೇಲಕ್ಕಿಟ್ಟು, ಕೂಡಲೇ 911ಕ್ಕೆ ಕರೆ ಮಾಡೋಣ.