ಗಲ್ಲಾಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿ?

‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು 2025ರ ಜುಲೈನಲ್ಲಿ ಬೆಂಗಳೂರಿನ ಅನೇಕ ಬೇಕರಿ, ಕಾಂಡಿಮೆಂಟ್ಸ್ ಮತ್ತು ತರಕಾರಿ ಅಂಗಡಿಗಳ ಮುಂದೆ ಕಾಣಿಸಿಕೊಂಡವು. ಮಾಹಿತಿ ತಂತ್ರಜ್ಞಾನದ ರಾಜಧಾನಿ ಎಂದು ಹೆಸರಾದ ನಗರದಲ್ಲೇ ವ್ಯಾಪಾರಿಗಳು ಕ್ಯೂಆರ್ ಕೋಡ್ ಫಲಕವನ್ನು ಮಗುಚಿಟ್ಟದ್ದು ದೇಶದ ಗಮನ ಸೆಳೆಯಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ವಿವರ ಪಡೆದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳುಹಿಸಿದ್ದೇ ಇದಕ್ಕೆ ತಕ್ಷಣದ ಕಾರಣ. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸಭೆ ಕರೆದು ಭರವಸೆ ಕೊಟ್ಟ ಮೇಲೆ ಪ್ರಕರಣ ತಣ್ಣಗಾಯಿತು. ಚೀಟಿಗಳು ಒಂದೊಂದಾಗಿ ಮರೆಯಾದವು.

ಆದರೆ ಅಷ್ಟಕ್ಕೇ ಎಲ್ಲವೂ ಸರಿಹೋಯಿತು ಎಂದು ಭಾವಿಸುವುದು ತಪ್ಪಾದೀತು. ತೆರಿಗೆಯ ನೋಟಿಸು ಹೊರಗೆ ಕಂಡ ಗಾಯ ಮಾತ್ರ. ಆನ್‌ಲೈನ್ ಪಾವತಿ ವ್ಯವಸ್ಥೆಯ ಬಗ್ಗೆ ಸಣ್ಣ ವ್ಯಾಪಾರಿಯ ಮನಸ್ಸಿನಲ್ಲಿ ಮಡುಗಟ್ಟಿರುವ ಅಸಮಾಧಾನ ಇದಕ್ಕಿಂತ ಹಳೆಯದು, ಆಳವಾದದ್ದು. ಅದರ ತಿರುಳು ಇಷ್ಟೇ: ನಿನ್ನೆಯವರೆಗೆ ಗಲ್ಲಾಪೆಟ್ಟಿಗೆಯ ಕೀಲಿ ಅವನ ಸೊಂಟದಲ್ಲಿತ್ತು. ಇಂದು ಆ ಕೀಲಿ ಅವನು ಮುಖ ನೋಡದ ಹಲವರ ಕೈಯಲ್ಲಿದೆ. ಪೆಟ್ಟಿಗೆ ತೆರೆಯದೆ ಹೋದರೆ ಯಾರನ್ನು ಕೇಳಬೇಕೆಂಬುದೇ ಅವನಿಗೆ ತಿಳಿಯದು.

ಈ ವ್ಯವಸ್ಥೆಯ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ರೂಪಿಸಿದ ಯುಪಿಐಗೆ 2016ರ ಏಪ್ರಿಲ್‌ನಲ್ಲಿ ಚಾಲನೆ ದೊರೆಯಿತು. ಅದೇ ವರ್ಷ ನವೆಂಬರ್‌ನ ನೋಟು ರದ್ದತಿ ಅದನ್ನು ಬೀದಿಗೆ ತಂದಿತು. ಕೋವಿಡ್ ಕಾಲ ಮನೆಮನೆಗೆ ಮುಟ್ಟಿಸಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ವಹಿವಾಟುಗಳ ಸಂಖ್ಯೆ 2,000 ಕೋಟಿಯನ್ನು ದಾಟಿತು. ಚಿಲ್ಲರೆಯ ಜಗಳ ತಪ್ಪಿತು, ಖೋಟಾ ನೋಟಿನ ಭಯ ತಗ್ಗಿತು, ರಾತ್ರಿ ಅಂಗಡಿ ಮುಚ್ಚಿ ಹಣದ ಚೀಲ ಹೊತ್ತು ಮನೆಗೆ ಹೋಗುವ ಆತಂಕ ಕಡಿಮೆಯಾಯಿತು. ಎಳನೀರು ಮಾರುವವರೂ ಕಾರ್ಪೊರೇಟ್ ಮಳಿಗೆಯಷ್ಟೇ ಸುಲಭವಾಗಿ ಹಣ ಸ್ವೀಕರಿಸುವಂತಾದುದು ಸಣ್ಣ ಸಾಧನೆಯೇನಲ್ಲ.

ಹಾಗಾದರೆ ತೊಡಕು ಎಲ್ಲಿದೆ? 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ವಸೂಲು ಮಾಡುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಬಡ ವ್ಯಾಪಾರಿಯ ಪಾಲಿಗೆ ಇದು ವರವೇ ಸರಿ. ಆದರೆ ಶುಲ್ಕವಿಲ್ಲದ ಸೇವೆಗೆ ಸಹಾಯದ ಕಿಟಕಿಯನ್ನು ತೆರೆದು ಕೂರುವ ಉತ್ಸಾಹ ಯಾರಿಗೂ ಇರುವುದಿಲ್ಲ. ಗ್ರಾಹಕನ ಬ್ಯಾಂಕು, ವ್ಯಾಪಾರಿಯ ಬ್ಯಾಂಕು, ಆ್ಯಪ್ ನಡೆಸುವ ಕಂಪನಿ, ನಡುವೆ ಎನ್‌ಪಿಸಿಐ– ಹೀಗೆ ಒಂದು ಕಾಫಿಯ ಹಣ ನಾಲ್ಕು ಕೈ ದಾಟಿ ಬರುತ್ತದೆ. ಅದು ಸಲೀಸಾಗಿ ಬಂದಾಗ ಎಲ್ಲರೂ ತಮ್ಮ ಹೆಮ್ಮೆ ಹೇಳಿಕೊಳ್ಳುತ್ತಾರೆ. ದಾರಿಯಲ್ಲಿ ನಿಂತಾಗ ಪ್ರತಿಯೊಬ್ಬರೂ ಇನ್ನೊಬ್ಬರತ್ತ ಬೆರಳು ತೋರುತ್ತಾರೆ.

ವಿಫಲ ಪಾವತಿಯ ಉದಾಹರಣೆಯನ್ನೇ ನೋಡೋಣ. ಗ್ರಾಹಕನ ಖಾತೆಯಿಂದ ಹಣ ಕಡಿತವಾಗಿ ವ್ಯಾಪಾರಿಗೆ ದೃಢೀಕರಣ ಬಾರದಿದ್ದರೆ ಐದು ದಿನಗಳೊಳಗೆ ಆ ಹಣ ತಾನಾಗಿ ಗ್ರಾಹಕನ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಒಳ್ಳೆಯ ನಿಯಮ. ಆದರೆ ಇದು ಹಣ ಕೊಟ್ಟವನನ್ನು ಕಾಯುತ್ತದೆಯೇ ಹೊರತು ಸರಕು ಕೊಟ್ಟವನನ್ನಲ್ಲ. ‘ನನ್ನ ಖಾತೆಯಿಂದ ಹೋಗಿದೆ ನೋಡಿ’ ಎಂದು ಗ್ರಾಹಕ ಮೊಬೈಲ್ ತೋರಿಸುತ್ತಾನೆ. ಹಿಂದೆ ಹತ್ತು ಜನ ನಿಂತಿರುತ್ತಾರೆ. ವ್ಯಾಪಾರಿ ನಂಬಿ ಸಾಮಾನು ಕಟ್ಟಿಕೊಡುತ್ತಾನೆ. ಎರಡು ದಿನದ ನಂತರ ಹಣ ಗ್ರಾಹಕನ ಖಾತೆಗೇ ಮರಳಿದರೆ ಸಾಮಾನಿನ ಬೆಲೆಯನ್ನು ಯಾರ ಬಳಿ ಕೇಳಬೇಕು? ಪರಿಚಿತರಾದರೆ ಮರುದಿನ ಕೊಡುತ್ತಾರೆ. ಬಸ್ ನಿಲ್ದಾಣದ ಅಂಗಡಿಗೆ ಬಂದುಹೋದವರನ್ನು ಎಲ್ಲಿ ಹುಡುಕುವುದು?

ಹಣ ಬಂದಂತೆ ತೋರಿಸುವ ನಕಲಿ ಆ್ಯಪ್‌ಗಳ ಹಾವಳಿ ಬೇರೆ. ಇದರಿಂದ ಪಾರಾಗಲೆಂದೇ ಅಂಗಡಿಗಳಿಗೆ ‘ಹಣ ಸ್ವೀಕೃತವಾಗಿದೆ’ ಎಂದು ಕೂಗುವ ಸೌಂಡ್ ಬಾಕ್ಸ್ ಬಂದಿತು. ಅನೇಕ ಕಂಪನಿಗಳು ಅದಕ್ಕೆ ತಿಂಗಳ ಬಾಡಿಗೆ ಪಡೆಯುತ್ತವೆ. ಪಾವತಿ ಉಚಿತ, ಆದರೆ ಪಾವತಿಯಾಯಿತೆಂಬ ಭರವಸೆಗೆ ಬಾಡಿಗೆ! ಇನ್ನು ಇಡೀ ಜಾಲವೇ ಕೈಕೊಟ್ಟ ದಿನಗಳೂ ಇವೆ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಸೇವೆ ಗಂಟೆಗಟ್ಟಲೆ ಅಸ್ತವ್ಯಸ್ತವಾಯಿತು. ನಗದು ಇಟ್ಟುಕೊಳ್ಳುವ ರೂಢಿಯನ್ನೇ ಬಿಟ್ಟ ಗ್ರಾಹಕರು ಬರಿಗೈಯಲ್ಲಿ ಮರಳಿದರು. ಆ ದಿನದ ವ್ಯಾಪಾರ ಹೋದದ್ದು ಹೋಯಿತು.

ಇವೆಲ್ಲಕ್ಕಿಂತ ಕ್ರೂರವಾದದ್ದು ಬ್ಯಾಂಕ್ ಖಾತೆಯ ಸ್ಥಗಿತ. ಸೈಬರ್ ವಂಚನೆಗೆ ಒಳಗಾದವರು 1930 ಸಹಾಯವಾಣಿಗೆ ದೂರು ಕೊಟ್ಟ ಕೂಡಲೇ ಪೊಲೀಸರು ಹಣ ಹರಿದ ದಾರಿಯನ್ನು ಹಿಡಿದು ಹೊರಡುತ್ತಾರೆ. ವಂಚಕರು ಆ ಹಣವನ್ನು ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಹಂಚಿ, ಅಲ್ಲಿಂದ ಇನ್ನಷ್ಟು ಖಾತೆಗಳಿಗೆ ಸಾಗಿಸಿರುತ್ತಾರೆ. ಆ ಸರಪಳಿಯ ಕೊನೆಯ ಕೊಂಡಿಯಾಗಿ ಯಾವನೋ ಒಬ್ಬ ಹೋಟೆಲಿನಲ್ಲಿ ದೋಸೆ ತಿಂದು ಹಣ ಕೊಟ್ಟಿದ್ದರೆ ಆ ಹೋಟೆಲಿನವರ ಖಾತೆಯೂ ಸಂಶಯದ ಪಟ್ಟಿಗೆ ಸೇರುತ್ತದೆ. ಬಂದದ್ದು ನೂರು ರೂಪಾಯಿ ಇರಬಹುದು. ಆದರೆ ಬ್ಯಾಂಕು ಅನೇಕ ವೇಳೆ ಇಡೀ ಖಾತೆಗೇ ಬೀಗ ಜಡಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು.

ಖಾತೆ ಸ್ಥಗಿತವಾಗಿರುವುದು ವ್ಯಾಪಾರಿಗೆ ತಿಳಿಯುವುದು ಸಗಟು ವರ್ತಕನಿಗೆ ಕೊಟ್ಟ ಚೆಕ್ ಮರಳಿದಾಗ ಅಥವಾ ಸಾಲದ ಕಂತು ಕಡಿತವಾಗದಿದ್ದಾಗ. ಬ್ಯಾಂಕಿನಲ್ಲಿ ವಿಚಾರಿಸಿದರೆ ‘ಸೈಬರ್ ಪೊಲೀಸರನ್ನು ಕೇಳಿ’ ಎನ್ನುತ್ತಾರೆ. ದೂರು ದಾಖಲಾದ ಠಾಣೆ ಸಾವಿರಾರು ಕಿಲೋಮೀಟರ್ ದೂರದ ಇನ್ನಾವುದೋ ರಾಜ್ಯದಲ್ಲಿರಬಹುದು, ಭಾಷೆಯೂ ಬೇರೆಯಾಗಿರಬಹುದು. ಅಂಗಡಿ ಮುಚ್ಚಿ ಅಲ್ಲಿಗೆ ಅಲೆಯುವುದು ದಿನದ ದುಡಿಮೆಯನ್ನೇ ನಂಬಿದವರಿಗೆ ಸಾಧ್ಯವೇ? ವಿವಾದಿತ ಮೊತ್ತವನ್ನಷ್ಟೇ ತಡೆಹಿಡಿಯಬೇಕು, ಇಡೀ ಖಾತೆಯನ್ನಲ್ಲ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ನ್ಯಾಯದ ಈ ಸರಳ ಮಾತು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗಷ್ಟೇ ಸೀಮಿತವಾಗಬಾರದು.

ಸೈಬರ್ ವಂಚನೆ ಸಣ್ಣ ಸಂಗತಿಯಲ್ಲ ಎಂಬುದೂ ನಿಜ. 2024ರಲ್ಲಿ ದೇಶದ ಜನ ಕಳೆದುಕೊಂಡ ಹಣ 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಪೊಲೀಸರು ತ್ವರಿತವಾಗಿ ಕ್ರಮ ಕೈಗೊಳ್ಳದಿದ್ದರೆ ಹಣ ಕೈತಪ್ಪುತ್ತದೆ. ಆದರೆ ತಡೆಯುವುದರಲ್ಲಿ ಇರುವ ವೇಗ ಬಿಡಿಸುವುದರಲ್ಲಿಯೂ ಇರಬೇಕಲ್ಲವೇ?

ಜಾಲತಾಣದ ಮೂಲಕ ಮಾರಾಟ ಮಾಡುವವರ ಕಷ್ಟ ಇನ್ನೊಂದು ಬಗೆಯದು. ಇಳಕಲ್ಲಿನ ನೇಕಾರರೊಬ್ಬರು 2,000 ರೂಪಾಯಿಯ ಸೀರೆಯನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆಂದು ಇಟ್ಟುಕೊಳ್ಳಿ. ಪೇಮೆಂಟ್ ಗೇಟ್‌ವೇ ಕಂಪನಿ ಶೇ 2ರಷ್ಟು ಶುಲ್ಕ ವಿಧಿಸಿದರೆ 40 ರೂಪಾಯಿ. ಅದರ ಮೇಲೆ ಶೇ 18ರ ಜಿಎಸ್‌ಟಿ 7 ರೂಪಾಯಿ 20 ಪೈಸೆ. ಒಂದು ಸೀರೆಗೆ 47 ರೂಪಾಯಿ 20 ಪೈಸೆ ಹೋಯಿತು. ಲಾಭವೇ 200 ರೂಪಾಯಿ ಇರುವಲ್ಲಿ ಇದು ಅದರ ಕಾಲು ಭಾಗಕ್ಕೆ ಸಮೀಪ. ಶುಲ್ಕವನ್ನಾದರೂ ಸಹಿಸಬಹುದು; ಹಣವನ್ನೇ ತಡೆಹಿಡಿದರೆ? ದೀಪಾವಳಿಯ ವಾರದಲ್ಲಿ ಮಾರಾಟ ಒಮ್ಮೆಲೇ ಏರಿತೆನ್ನಿ. ಕಂಪನಿಯ ಗಣಕಯಂತ್ರಕ್ಕೆ ಅದು ಹಬ್ಬವಾಗಿ ಕಾಣದೆ ಅಪಾಯದ ಸೂಚನೆಯಾಗಿ ಕಾಣಬಹುದು. ‘ನಿಮ್ಮ ಖಾತೆ ಪರಿಶೀಲನೆಯಲ್ಲಿದೆ’ ಎಂಬ ಇಂಗ್ಲಿಷ್ ಸಂದೇಶ ಬರುತ್ತದೆ. ಯಾಕೆ, ಎಷ್ಟು ದಿನ ಎಂಬ ಪ್ರಶ್ನೆಗೆ ಉತ್ತರ ಬರುವುದಿಲ್ಲ. ನೂಲಿನ ಅಂಗಡಿಯವರು ಮಾತ್ರ ಪರಿಶೀಲನೆ ಮುಗಿಯುವವರೆಗೆ ಕಾಯುವುದಿಲ್ಲ.

ಈ ಹಣ ಕಂಪನಿಯ ಸ್ವತ್ತಲ್ಲ ಎಂಬುದನ್ನು ನೆನಪಿಡಬೇಕು. ಪೇಮೆಂಟ್ ಅಗ್ರಿಗೇಟರ್‌ಗಳು ವ್ಯಾಪಾರಿಗಳ ಪರವಾಗಿ ಸಂಗ್ರಹಿಸಿದ ಹಣವನ್ನು ಬ್ಯಾಂಕಿನ ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿ ಇರಿಸಬೇಕು ಎಂದು ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳಿತು. ಅವರ ಪಾತ್ರ ಧರ್ಮದರ್ಶಿಯದು, ಮಾಲೀಕನದಲ್ಲ. ವ್ಯಾಪಾರಿಯ ತಪ್ಪಿಲ್ಲದೆಯೂ ವ್ಯವಸ್ಥೆ ಬುಡಮೇಲಾಗಬಲ್ಲದು ಎಂಬುದಕ್ಕೆ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಪ್ರಕರಣವೇ ಸಾಕ್ಷಿ. ರಿಸರ್ವ್ ಬ್ಯಾಂಕ್ 2024ರ ಜನವರಿ 31ರಂದು ಅದರ ಮೇಲೆ ನಿರ್ಬಂಧ ಹೇರಿ, ನಂತರ ಮಾರ್ಚ್ 15ರವರೆಗೆ ಗಡುವು ವಿಸ್ತರಿಸಿತು. ಕ್ರಮ ಸರಿಯಾಗಿಯೇ ಇದ್ದಿರಬಹುದು. ಆದರೆ ಆ ಬ್ಯಾಂಕಿನಲ್ಲಿ ಖಾತೆ ಇಟ್ಟಿದ್ದ ಅಂಗಡಿಗಳವರು ಕೆಲವೇ ವಾರಗಳಲ್ಲಿ ಬೇರೆ ಬ್ಯಾಂಕಿಗೆ ಓಡಾಡಬೇಕಾಯಿತು.

ಈಗ ತೆರಿಗೆಯ ವಿಷಯಕ್ಕೆ ಬರೋಣ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರಿದರೆ, ಸೇವೆ ನೀಡುವವರದು 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ದಿನಕ್ಕೆ 11 ಸಾವಿರ ರೂಪಾಯಿ ವ್ಯಾಪಾರವಾದರೆ ವರ್ಷಕ್ಕೆ 40 ಲಕ್ಷ ದಾಟುತ್ತದೆ. ಅದರಲ್ಲಿ ಶೇ 10ರಷ್ಟು ಉಳಿದರೂ ತಿಂಗಳ ಆದಾಯ 33 ಸಾವಿರದ ಆಸುಪಾಸು. ವಹಿವಾಟಿನ ಅಂಕಿ ನೋಡಿ ಶ್ರೀಮಂತನೆಂದು ಎಣಿಸಿದವನ ಮನೆಯ ಸ್ಥಿತಿ ಇದು. ಮೇಲಾಗಿ ಹಾಲು, ತಾಜಾ ತರಕಾರಿ, ಹಣ್ಣುಗಳಿಗೆ ತೆರಿಗೆಯೇ ಇಲ್ಲ. ಅಂಥ ಸರಕನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಾಗಿಯೂ ಇಲ್ಲ. ಖಾತೆಗೆ ಬಂದ ಹಣದಲ್ಲಿ ಕೈಸಾಲ, ಚೀಟಿಯ ಹಣ, ಮಕ್ಕಳು ಕಳುಹಿಸಿದ್ದು ಎಲ್ಲವೂ ಬೆರೆತಿರುತ್ತದೆ. 2021-22ರಿಂದ ನಾಲ್ಕು ವರ್ಷಗಳ ಜಮೆಯನ್ನು ಕೂಡಿಸಿ ಲಕ್ಷಗಟ್ಟಲೆ ತೆರಿಗೆ, ಬಡ್ಡಿ, ದಂಡದ ನೋಟಿಸು ಬಂದಾಗ ಅವರಿಗೆ ದಿಕ್ಕೇ ತೋಚದಾದುದರಲ್ಲಿ ಆಶ್ಚರ್ಯವಿಲ್ಲ.

ಇಲಾಖೆಯ ವಾದದಲ್ಲಿಯೂ ಹುರುಳಿದೆ. ನೋಟಿಸು ಅಂತಿಮ ಆದೇಶವಲ್ಲ, ವಿವರಣೆ ಕೊಡಬಹುದು ಎಂದು ಅದು ಸ್ಪಷ್ಟಪಡಿಸಿತು. ಹಣ ಯಾವ ರೂಪದಲ್ಲಿ ಬಂದರೂ ತೆರಿಗೆಯ ಹೊಣೆ ತಪ್ಪುವುದಿಲ್ಲ. ಒಂದೂವರೆ ಕೋಟಿವರೆಗಿನ ವಹಿವಾಟಿಗೆ ರಾಜಿ ತೆರಿಗೆ ಪದ್ಧತಿಯಿದ್ದು, ಅದರಲ್ಲಿ ಸರಕು ವ್ಯಾಪಾರಿಗೆ ಶೇ 1ರಷ್ಟೇ ತೆರಿಗೆ. ನೋಂದಾಯಿಸಿಕೊಂಡು ಪ್ರಾಮಾಣಿಕವಾಗಿ ಕಟ್ಟುತ್ತಿರುವ ಪಕ್ಕದ ಅಂಗಡಿಯವರಿಗೆ ಅನ್ಯಾಯವಾಗಬಾರದು ಎಂಬುದೂ ನ್ಯಾಯವೇ. ಆದರೆ ಈ ತಿಳಿವಳಿಕೆ ನೋಟಿಸಿಗಿಂತ ಮೊದಲು ಬರಬೇಕಿತ್ತು. ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದು ಕೊನೆಗೆ ಸರ್ಕಾರ ಹೇಳಿದ ಮಾತನ್ನೇ ಮೊದಲು ಹೇಳಿದ್ದರೆ ಅಂಗಡಿಗಳ ಮುಂದೆ ಆ ಚೀಟಿಗಳು ಬೀಳುತ್ತಿರಲಿಲ್ಲ. ಡಿಜಿಟಲ್ ಆಗಿ ಎಂದು ಹುರಿದುಂಬಿಸಿದ ಸರ್ಕಾರವೇ ಅದರ ದಾಖಲೆ ಹಿಡಿದು ಬಾಗಿಲು ಬಡಿದರೆ ನಂಬಿಕೆ ಉಳಿಯುವುದು ಹೇಗೆ?

ಆಗಬೇಕಾದ ಕೆಲಸಗಳು ಅಸಾಧ್ಯವಾದವೇನಲ್ಲ. ಖಾತೆಯನ್ನು ತಡೆಹಿಡಿದರೆ ವಿವಾದಿತ ಮೊತ್ತಕ್ಕಷ್ಟೇ ಅದು ಸೀಮಿತವಾಗಲಿ. ಕಾರಣ, ಠಾಣೆ ಮತ್ತು ತನಿಖಾಧಿಕಾರಿಯ ವಿವರ ಅದೇ ದಿನ ಖಾತೆದಾರರಿಗೆ ತಲುಪಲಿ. ಹೊರರಾಜ್ಯದ ಪ್ರಕರಣವಾದರೂ ತಮ್ಮ ಜಿಲ್ಲೆಯ ಸೈಬರ್ ಠಾಣೆಯಲ್ಲೇ ಬಿಲ್ಲು, ದಾಖಲೆ ಒಪ್ಪಿಸಿ ಬಿಡುಗಡೆ ಪಡೆಯುವ ವ್ಯವಸ್ಥೆ ಇರಲಿ. ಪಾವತಿ ಕಂಪನಿಗಳು ಹಣ ತಡೆಹಿಡಿದರೆ ಲಿಖಿತ ಕಾರಣವನ್ನೂ ಗಡುವನ್ನೂ ಕೊಡುವಂತಾಗಲಿ. ಗಡುವು ಮೀರಿದರೆ ಗ್ರಾಹಕನಿಗೆ ಸಿಗುವಂತೆಯೇ ವ್ಯಾಪಾರಿಗೂ ದಿನದ ಲೆಕ್ಕದ ಪರಿಹಾರ ಸಿಗಲಿ. ಕನ್ನಡದಲ್ಲಿ ಫಲಕ ಅಂಟಿಸಲು ಬಂದ ಕಂಪನಿ ಕನ್ನಡದಲ್ಲೇ ದೂರು ಕೇಳುವುದು ಉಪಕಾರವಲ್ಲ, ಕರ್ತವ್ಯ. 2021ರ ನವೆಂಬರ್‌ನಲ್ಲಿ ಆರಂಭವಾದ ರಿಸರ್ವ್ ಬ್ಯಾಂಕಿನ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಡಿ, ಬ್ಯಾಂಕಿಗೆ ಕೊಟ್ಟ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ಶುಲ್ಕವಿಲ್ಲದೆ ಮೇಲಿನ ಹಂತಕ್ಕೆ ಹೋಗಬಹುದು. ಇದು ಎಷ್ಟು ಅಂಗಡಿಯವರಿಗೆ ಗೊತ್ತು? ಪ್ರತಿ ಕ್ಯೂಆರ್ ಫಲಕದ ಕೆಳಗೆ ಒಂದು ಸಾಲಿನಲ್ಲಿ ಅದನ್ನು ಅಚ್ಚು ಮಾಡಲು ಖರ್ಚೇನೂ ಬೀಳದು.

ಶುಲ್ಕದ ಪ್ರಶ್ನೆಯನ್ನೂ ಮುಚ್ಚುಮರೆಯಿಲ್ಲದೆ ಚರ್ಚಿಸಬೇಕು. ಸಣ್ಣ ಮೊತ್ತದ ಯುಪಿಐ ಪಾವತಿಗಳ ವೆಚ್ಚ ಭರಿಸಲು 2024-25ನೇ ಸಾಲಿಗೆ ಕೇಂದ್ರ ಸಂಪುಟ 1,500 ಕೋಟಿ ರೂಪಾಯಿಯ ಪ್ರೋತ್ಸಾಹಧನ ಯೋಜನೆಗೆ ಒಪ್ಪಿಗೆ ನೀಡಿತ್ತು. ಸಾರ್ವಜನಿಕರ ಹಣ ಕೊಡುವಾಗ ದೂರು ಪರಿಹಾರದ ವೇಗವನ್ನೂ ಒಂದು ಷರತ್ತಾಗಿ ಸೇರಿಸುವುದು ಕಷ್ಟವೇನಲ್ಲ. ವ್ಯಾಪಾರಿಗಳೂ ತಮ್ಮ ಪಾಲಿನ ಕೆಲಸ ಮಾಡಬೇಕು: ಮನೆಯ ಖಾತೆ ಬೇರೆ, ಅಂಗಡಿಯ ಖಾತೆ ಬೇರೆ ಇರಲಿ, ಖರೀದಿಯ ಬಿಲ್ಲುಗಳನ್ನು ಜೋಪಾನ ಮಾಡಲಿ, ಸ್ಕ್ರೀನ್‌ಶಾಟ್ ನಂಬದೆ ಖಾತೆಗೆ ಹಣ ಬಂದದ್ದನ್ನು ಖಚಿತಪಡಿಸಿಕೊಳ್ಳಲಿ.

ನಮ್ಮ ಸಂತೆ, ಪೇಟೆಗಳು ನಡೆದುಬಂದದ್ದು ನಂಬಿಕೆಯ ಮೇಲೆ. ಉದ್ದರಿ ಪುಸ್ತಕದಲ್ಲಿ ಬರೆದ ಲೆಕ್ಕಕ್ಕೆ ಸಹಿ ಬೇಕಿರಲಿಲ್ಲ. ತಕರಾರು ಬಂದರೆ ಎದುರುಬದುರು ಕೂತು ಮಾತಾಡುತ್ತಿದ್ದರು. ತಂತ್ರಜ್ಞಾನ ಹಣವನ್ನು ಕ್ಷಣದಲ್ಲಿ ಸಾಗಿಸುವ ಜಾಣ್ಮೆ ಕಲಿತಿದೆ, ಎದುರು ಕೂತು ಉತ್ತರ ಕೊಡುವ ಸೌಜನ್ಯವನ್ನು ಇನ್ನೂ ಕಲಿತಿಲ್ಲ. ಅದನ್ನು ಕಲಿಸುವ ಹೊಣೆ ರಿಸರ್ವ್ ಬ್ಯಾಂಕಿನದು, ಸರ್ಕಾರಗಳದು. ಇಲ್ಲವಾದರೆ ಇನ್ನೊಂದು ಜುಲೈನಲ್ಲಿ ಆ ಚೀಟಿಗಳು ಮತ್ತೆ ಕಾಣಿಸಿಕೊಂಡಾವು.